ಸೆಲ್ಫ್ ಎತ್ತದ ಜೀಪು, ಬಿಸಿಯಾದ ಕೇಬಲ್ಲು

ಕೊನೆಗೌಡ ಬರುವ ದಿನವೇ ಜೀಪು ಕೈಕೊಟ್ಟಿತು. ಅಡಿಕೆ ತೋಟ ಇದ್ದವರಿಗೆ ಇಷ್ಟು ಹೇಳಿದರೆ ಸಾಕು, ಆ ಬೆಳಿಗ್ಗೆ ನನ್ನ ಮುಖ ಹೇಗಿತ್ತು ಅಂತ ಗೊತ್ತಾಗುತ್ತದೆ.

ಇಲ್ಲದವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮದು ಸಾಗರ ತಾಲ್ಲೂಕಿನ ಒಂದು ಮೂಲೆ. ಜೂನ್ ಮೊದಲ ವಾರ. ಮಳೆ ಹಿಡಿದು ಹೊಡೆಯುವ ಮೊದಲು ಕೊಳೆರೋಗಕ್ಕೆ ಒಂದು ಸಲ ಔಷಧಿ ಹೊಡೆದು ಮುಗಿಸಬೇಕು. ತಡವಾದರೆ ಮರ ಜಾರುತ್ತದೆ, ಹತ್ತುವವರು ಬರುವುದಿಲ್ಲ. ಆಮೇಲೆ ಜುಲೈಯಲ್ಲಿ ಎಳೆಕಾಯಿ ಉದುರುವುದನ್ನು ನೋಡುತ್ತಾ ಕೂರಬೇಕು. ಮರ ಹತ್ತುವ ಕೊನೆಗೌಡರು ನಮ್ಮ ಸುತ್ತಿನ ಊರಿಗೆಲ್ಲ ಸೇರಿ ಇರುವುದೇ ಮೂರು ಜನ. ಅವರ ದಿನ ಸಿಗಬೇಕಾದರೆ ತಿಂಗಳ ಮುಂಚೆ ಹೇಳಿಡಬೇಕು. ನಡುವೆ ನಾಲ್ಕು ಸಲ ನೆನಪು ಮಾಡಬೇಕು. ನಮಗೆ ಸಿಕ್ಕಿದ್ದು ಎರಡು ದಿನ. ಮೊದಲನೆಯ ದಿನ ಮೇಲಿನ ತೋಟ. ಅದು ಮನೆಯಿಂದ ಎರಡೂವರೆ ಕಿಲೋಮೀಟರ್.

ಬೆಳಿಗ್ಗೆ ಆರೂವರೆ. ಜೀಪಿನ ಹಿಂದೆ ಪಂಪು, ಪೈಪಿನ ಸುರುಳಿ, ಸುಣ್ಣದ ಚೀಲ, ಎರಡು ಖಾಲಿ ಡ್ರಮ್ಮು. ಹಿಂದೆ ಜಾಗ ಇಲ್ಲದೆ, ಔಷಧಿಗೆ ಬೇಕಾದ ಮೈಲುತುತ್ತ, ಅಂದರೆ ತಾಮ್ರದ ನೀಲಿ ಉಪ್ಪು, ಕರಗಿಸಿದ ಪ್ಲಾಸ್ಟಿಕ್ ಕ್ಯಾನು ಮುಂದೆ, ಗೇರಿನ ಪಕ್ಕ. ಕೊನೆಗೌಡ ಮತ್ತು ಅವನ ಜೊತೆ ಬಂದ ಹುಡುಗ ಚಹಾ ಕುಡಿದು ಲೋಟ ಇಟ್ಟರು. ನಾನು ಹತ್ತಿ ಕೂತು ಕೀ ತಿರುಗಿಸಿದೆ.

ಟರ್‍ರ್‍ರ್‍ರ್.

ಅಷ್ಟೇ. ಎಂಜಿನ್ನು ಒಂದಿಂಚೂ ತಿರುಗಲಿಲ್ಲ. ಇನ್ನೊಂದು ಸಲ. ಟರ್‍ರ್‍ರ್‍ರ್. ಮರಕುಟಿಗ ಒಣಮರ ಕುಟ್ಟಿದ ಹಾಗೆ.

ಜಗಲಿಯಲ್ಲಿ ಕೂತು ಕವಳ ಹಾಕುತ್ತಿದ್ದ ಅಪ್ಪಯ್ಯ ಅಲ್ಲಿಂದಲೇ ಕೇಳಿದ. "ಎಂತ ಆತೇ ಕೂಸೇ?"

ನನಗೆ ನಲವತ್ತಾರು ವರ್ಷ. ಅಪ್ಪಯ್ಯನಿಗೆ ನಾನಿನ್ನೂ ಕೂಸು. ಈ ಜೀಪು ಅವನದೇ. ಹಳೇ ಡೀಸೆಲ್ ಜೀಪು, ಎಲೆಕ್ಟ್ರಾನಿಕ್ಸ್ ಅನ್ನುವ ಪದವನ್ನೇ ಕೇಳಿಲ್ಲದ ಗಾಡಿ. ಒಂದು ಸಲ ಎಂಜಿನ್ನು ಶುರುವಾಯಿತು ಅಂದರೆ ಬ್ಯಾಟರಿ ಬಿಚ್ಚಿ ಹೊರಗಿಟ್ಟರೂ ಓಡುತ್ತದೆ. ಕೀ ತೆಗೆದರೂ ನಿಲ್ಲುವುದಿಲ್ಲ. ನಿಲ್ಲಿಸಬೇಕಾದರೆ ಡ್ಯಾಶ್‌ಬೋರ್ಡಿನ ಕೆಳಗೆ ಒಂದು ಗುಂಡಿ ಇದೆ, ಅದನ್ನು ಎಳೆಯಬೇಕು. ಗುಂಡಿಯ ಹಿಂದಿನ ತಂತಿ ಡೀಸೆಲ್ ಪಂಪಿನ ತನಕ ಹೋಗಿ ಡೀಸೆಲ್ ಕಟ್ ಮಾಡುತ್ತದೆ. ಈ ಗುಂಡಿಯನ್ನು ನೆನಪಿಟ್ಟುಕೊಳ್ಳಿ. ಮುಂದೆ ಬೇಕು.

ಅವತ್ತಿನದು ಹೊಸ ಕಾಯಿಲೆ ಅಲ್ಲ. ಫೆಬ್ರವರಿಯಿಂದಲೇ ಶುರುವಾಗಿತ್ತು. ಒಂದು ದಿನ ಸಂತೆಯಿಂದ ಹೊರಡುವಾಗ ಇದೇ ಟರ್‍ರ್ ಸದ್ದು. ಅಂಗಡಿಯವರು ಯಾರೋ ನೂಕಿಕೊಟ್ಟರು, ಬಂದೆ. ಟರ್‍ರ್ ಅಂದರೆ ಬ್ಯಾಟರಿ ಹೋಗಿದೆ ಅಂತ ಎಲ್ಲರೂ ಹೇಳಿದರು. ಬ್ಯಾಟರಿಗೆ ಮೂರು ವರ್ಷ ಆಗಿತ್ತು. ಇರಬಹುದು ಅಂದುಕೊಂಡು ಹಳೆಯದನ್ನು ಕೊಟ್ಟು ಹೊಸದು ತಂದೆ. 6,400 ರೂಪಾಯಿ. ಹತ್ತು ಹದಿನೈದು ದಿನ ಕೀ ಮುಟ್ಟಿದರೆ ಸಾಕು, ಶುರು. ಆಮೇಲೆ ಒಂದು ಬೆಳಿಗ್ಗೆ ಮತ್ತೆ ಟರ್‍ರ್. ಮಾರ್ಚಿನಲ್ಲಿ ಎಂಜಿನ್ನನ್ನು ತಿರುಗಿಸಿ ಎಬ್ಬಿಸುವ ಸೆಲ್ಫ್ ಮೋಟರ್ ಬಿಚ್ಚಿಸಿ ಕಾರ್ಬನ್ನು, ಬುಷ್ಷು ಬದಲಾಯಿಸಿದ್ದಾಯಿತು. 2,800. ಮತ್ತೆ ಎರಡು ವಾರ ಚೆನ್ನಾಗಿತ್ತು. ಏಪ್ರಿಲಿನಲ್ಲಿ ಕೀ ಸ್ವಿಚ್ಚು. 650. ಒಂದು ವಾರ.

ಪ್ರತಿ ಸಲ ಸ್ವಲ್ಪ ದಿನ ಸರಿಯಾಗುತ್ತಿತ್ತಲ್ಲ, ಅದೇ ಮೋಸ. ಏನೂ ಸರಿಯಾಗದಿದ್ದರೆ ಬೇರೆ ಕಡೆ ಹುಡುಕುತ್ತಿದ್ದೆವು. ಅರ್ಧಂಬರ್ಧ ಗುಣವಾದ್ದರಿಂದ ಮದ್ದು ಸರಿ ಇದೆ, ಪ್ರಮಾಣ ಸಾಲದು ಅಂದುಕೊಂಡೆವು. ಮೇ ತಿಂಗಳಲ್ಲಂತೂ ನಾನು ಕೈಬಿಟ್ಟಿದ್ದೆ. ನಮ್ಮ ಅಂಗಳದಿಂದ ರಸ್ತೆಯ ತನಕ ಇಳಿಜಾರು. ರಾತ್ರಿ ಜೀಪನ್ನು ಮೂತಿ ಕೆಳಗೆ ಮಾಡಿ ನಿಲ್ಲಿಸುವುದು. ಬೆಳಿಗ್ಗೆ ಎರಡನೇ ಗೇರಿಗೆ ಹಾಕಿ, ಕ್ಲಚ್ ಒತ್ತಿ, ಹ್ಯಾಂಡ್‌ಬ್ರೇಕ್ ಬಿಡುವುದು. ನಾಲ್ಕು ಮಾರು ಉರುಳಿದ ಮೇಲೆ ಕ್ಲಚ್ ಬಿಟ್ಟರೆ ಎಂಜಿನ್ನು ಒಂದು ಸಲ ಕೆಮ್ಮಿ ಏಳುತ್ತದೆ. ಮಲೆನಾಡಿನಲ್ಲಿ ಗುಡ್ಡಕ್ಕೇನು ಬರ? ಹೋದಲ್ಲೆಲ್ಲ ಇಳಿಜಾರು ಹುಡುಕಿ ನಿಲ್ಲಿಸುವುದು ಅಭ್ಯಾಸವೇ ಆಗಿಹೋಗಿತ್ತು.

ಅವತ್ತು ಮಾತ್ರ ಸಾಮಾನು ತುಂಬಲು ಅನುಕೂಲ ಅಂತ ಹಿಂದಿನ ಸಂಜೆ ಕೊಟ್ಟಿಗೆಯ ಪಕ್ಕ ಸಮತಟ್ಟಿನಲ್ಲಿ ನಿಲ್ಲಿಸಿದ್ದೆ. ಅದೂ ಮೂತಿ ಗೋಡೆಯ ಕಡೆಗೆ. ಈಗ ಅಷ್ಟು ಭಾರ ಹೇರಿಕೊಂಡ ಜೀಪನ್ನು ಮೂರು ಜನ ಸೇರಿ ಹಿಂದಕ್ಕೆ ನೂಕಬೇಕು. ನೂಕಿದೆವು. ಅಲ್ಲಾಡಲಿಲ್ಲ. ಕೊನೆಗೌಡ ಆಕಾಶ ನೋಡಿದ. ಏನೂ ಹೇಳಲಿಲ್ಲ. ಅವನು ಏನೂ ಹೇಳದಿದ್ದರೇ ನನಗೆ ಹೆದರಿಕೆ ಜಾಸ್ತಿ.

ಸಾಗರ ಪೇಟೆಯಲ್ಲಿ ವಯರಿಂಗ್ ಮಾಡುವ ಒಬ್ಬ ಭಾಯಿ ಇದ್ದಾರೆ. ಅಲ್ಲಿಯವರೆಗೆ ಜೀಪನ್ನು ಅವರ ಹತ್ತಿರ ಒಯ್ದಿರಲೇ ಇಲ್ಲ, ಟ್ರ್ಯಾಕ್ಟರಿನ ಲೈಟಿಗೆ ಒಂದು ಸಲ ಹೋಗಿದ್ದೆ ಅಷ್ಟೇ. ನಮ್ಮ ಮನೆಯಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ತುಳಸಿಕಟ್ಟೆಯ ಹತ್ತಿರ ಮಾತ್ರ. ಅಲ್ಲಿ ನಿಂತು ಫೋನ್ ಮಾಡಿದೆ. ಈಗ ಬರುವುದಕ್ಕಾಗುವುದಿಲ್ಲ ಅಕ್ಕಾ ಅಂದರು. ಆದರೆ ಫೋನ್ ಇಡಲಿಲ್ಲ.

"ಹೆಡ್‌ಲೈಟ್ ಹಾಕಿ ಅಕ್ಕಾ. ಹಾಕ್ಕೊಂಡೇ ಸೆಲ್ಫ್ ಹೊಡೀರಿ. ಲೈಟ್ ಡಿಮ್ ಆಗ್ತದಾ ನೋಡಿ ಹೇಳಿ."

ಓಡಿ ಹೋಗಿ ಲೈಟು ಹಾಕಿದೆ. ಎದುರಿನ ಕೊಟ್ಟಿಗೆ ಗೋಡೆಯ ಮೇಲೆ ಬೆಳಕು ಬಿತ್ತು. ಕೀ ತಿರುಗಿಸಿದೆ. ಟರ್‍ರ್ ಅಂತ ಸದ್ದು ಬಂತು. ಬೆಳಕು ಚೂರು ಮಿಣುಕಿತು, ಆದರೆ ಕುಗ್ಗಲಿಲ್ಲ. ವಾಪಸ್ ತುಳಸಿಕಟ್ಟೆಗೆ ಓಡಿ ಹೇಳಿದೆ.

"ಹಂಗಾದ್ರೆ ಬ್ಯಾಟ್ರಿ ಚೆನ್ನಾಗಿದೆ. ನಿಮ್ಮತ್ರ ಮೀಟರ್ ಉಂಟಾ?"

ಇತ್ತು. ಬಾವಿಯ ಪಂಪಿನ ಸ್ಟಾರ್ಟರ್ ಬೋರ್ಡು ನೋಡುವುದಕ್ಕೆ ಅಂತ ತೆಗೆದುಕೊಂಡಿದ್ದ ಮುನ್ನೂರು ರೂಪಾಯಿಯ ಹಳದಿ ಮೀಟರು.

ಇಲ್ಲಿ ಸ್ವಲ್ಪ ನಿಂತು ಆ ಟರ್‍ರ್ ಸದ್ದಿನ ಬಗ್ಗೆ ಹೇಳಿಬಿಡುತ್ತೇನೆ. ನಾಲ್ಕು ತಿಂಗಳು ಅದನ್ನು ಕೇಳಿದವಳು ನಾನು, ಆದರೆ ಅದೇನು ಅಂತ ಗೊತ್ತಾದದ್ದು ಅವತ್ತು. ಸೆಲ್ಫ್ ಮೋಟರಿನ ಬೆನ್ನ ಮೇಲೆ ಒಂದು ಚಿಕ್ಕ ಡಬ್ಬಿ ಇರುತ್ತದೆ, ಸೊಲೆನಾಯ್ಡ್. ಕೀ ತಿರುಗಿಸಿದಾಗ ಮೊದಲು ಕರೆಂಟು ಹೋಗುವುದು ಅದಕ್ಕೆ. ಅದು ಒಂದು ಹಲ್ಲಿನ ಚಕ್ರವನ್ನು ಮುಂದಕ್ಕೆ ದೂಡಿ ಎಂಜಿನ್ನಿನ ದೊಡ್ಡ ಚಕ್ರಕ್ಕೆ ಕಚ್ಚಿಸುತ್ತದೆ. ಅದೇ ಹೊತ್ತಿಗೆ ಎರಡು ದಪ್ಪ ತಾಮ್ರದ ಬಿಲ್ಲೆಗಳನ್ನು ಕೂಡಿಸುತ್ತದೆ. ಕೂಡಿದ ತಕ್ಷಣ ಮೋಟರು ಒಂದೇ ಗುಟುಕಿಗೆ 200 ಆಂಪಿಯರ್, ಡೀಸೆಲ್ ಆದರೆ ಇನ್ನೂ ಜಾಸ್ತಿಯೇ ಎಳೆಯುತ್ತದೆ. ದಾರಿಯಲ್ಲಿ ಎಲ್ಲೋ ತಡೆ ಇದ್ದರೆ ವೋಲ್ಟೇಜು ಅಲ್ಲೇ ಬಿದ್ದುಹೋಗುತ್ತದೆ. ಸೊಲೆನಾಯ್ಡಿಗೆ ಹಿಡಿದುಕೊಳ್ಳುವಷ್ಟೂ ಶಕ್ತಿ ಉಳಿಯುವುದಿಲ್ಲ, ಬಿಟ್ಟುಬಿಡುತ್ತದೆ. ಬಿಟ್ಟ ಕೂಡಲೇ ಭಾರ ಇಳಿದು ವೋಲ್ಟೇಜು ಮತ್ತೆ ಏರುತ್ತದೆ. ಮತ್ತೆ ಹಿಡಿಯುತ್ತದೆ, ಮತ್ತೆ ಬಿಡುತ್ತದೆ. ಸೆಕೆಂಡಿಗೆ ಹಲವು ಸಲ. ಅದೇ ಟರ್‍ರ್.

ಬ್ಯಾಟರಿ ಸೋತಿದ್ದರೂ ಇದೇ ಸದ್ದು. ಆದರೆ ಆಗ ಹೆಡ್‌ಲೈಟೂ ಜೊತೆಗೆ ಸಾಯುತ್ತದೆ, ಕೆಂಪು ಕೆಂಡದ ಹಾಗೆ. ನಮ್ಮದರಲ್ಲಿ ಲೈಟು ಗಟ್ಟಿ ಇತ್ತು. ಇದನ್ನು ಫೆಬ್ರವರಿಯಲ್ಲಿ ಸಂತೆಯ ಬೀದಿಯಲ್ಲೇ ನೋಡಿದ್ದಿದ್ದರೆ 6,400 ರೂಪಾಯಿ ಉಳಿಯುತ್ತಿತ್ತು ಅಲ್ವಾ? ಹಗಲಾಗಿತ್ತು. ಲೈಟು ಹಾಕಿ ನೋಡುವುದು ಯಾರಿಗೂ ಹೊಳೆಯಲಿಲ್ಲ.

ಬೇರೆ ಥರ ಸದ್ದಾದರೆ ಬೇರೆ ಕಥೆ. 'ಟಕ್' ಅಂತ ಒಂದೇ ಒಂದು ಗಟ್ಟಿ ಏಟು ಬಿದ್ದು ಸುಮ್ಮನಾದರೆ ಸೊಲೆನಾಯ್ಡ್ ಎದ್ದಿದೆ, ಆಚೆ ಬಿಲ್ಲೆ ಸುಟ್ಟಿದೆ ಅಥವಾ ಮೋಟರಿನ ಕಾರ್ಬನ್ನು ಸವೆದಿದೆ. ಅಂಥದ್ದಕ್ಕೇ ಡ್ರೈವರುಗಳು ಸುತ್ತಿಗೆ ಹಿಡಿಯಲ್ಲಿ ಮೋಟರಿಗೆ ತಟ್ಟುವುದು. ಸವೆದ ಕಾರ್ಬನ್ನು ಸ್ವಲ್ಪ ಕೆಳಗಿಳಿದು ಒಂದೆರಡು ಸಲ ತಾಗುತ್ತದೆ. ಏನೂ ಸದ್ದೇ ಇಲ್ಲ ಅಂದರೆ ಕೀ ಸ್ವಿಚ್ಚೋ, ನಡುವಿನ ತೆಳು ವಯರೋ. ಇಲಿ ಕಡಿದದ್ದೂ ಇರಬಹುದು, ಮಳೆಗಾಲದಲ್ಲಿ ಬೆಚ್ಚಗಿನ ಎಂಜಿನ್ನಿಗಿಂತ ಒಳ್ಳೆ ಮನೆ ಅವಕ್ಕೆ ಎಲ್ಲಿದೆ? ಇನ್ನು ಸಂಜೆ ಚೆನ್ನಾಗಿದ್ದು ಬೆಳಿಗ್ಗೆ ಸತ್ತಿರುವ ಬ್ಯಾಟರಿಯ ಜಾತಿಯೇ ಬೇರೆ. ನಮ್ಮ ಪಕ್ಕದ ಮನೆಯವರ ಕಾರಿನಲ್ಲಿ ಹಾಡಿನ ಡಬ್ಬಿ ಕೀ ತೆಗೆದ ಮೇಲೂ ಅರ್ಧ ಆಂಪಿಯರ್ ಕುಡಿಯುತ್ತಿತ್ತು. ಅರ್ಧವೇ ಅನ್ನಿಸುತ್ತದೆ. ದಿನಕ್ಕೆ 24 ಗಂಟೆ, 12 ಆಂಪಿಯರ್ ಅವರ್. ಅವರ 35ರ ಬ್ಯಾಟರಿ ಮೂರು ದಿನ ಮದುವೆಗೆ ಹೋಗಿ ಬರುವಷ್ಟರಲ್ಲಿ ಖಾಲಿ.

ಸರಿ, ನಮ್ಮ ಅಂಗಳಕ್ಕೆ ಬರೋಣ. ಮೀಟರನ್ನು ಡಿಸಿ 20 ವೋಲ್ಟಿಗೆ ತಿರುಗಿಸಿ ಬ್ಯಾಟರಿಯ ಎರಡು ತುದಿಗೆ ಹಿಡಿದೆ. 12.6. ತುಂಬಿದ ಬ್ಯಾಟರಿ ಅಷ್ಟೇ ತೋರಿಸಬೇಕು. 12.2 ಬಂದರೆ ಅರ್ಧ ಖಾಲಿ ಅಂತ ಲೆಕ್ಕ. ಭಾಯಿ ಹೇಳಿದರು, ಹಾಗೇ ಹಿಡಿದುಕೊಂಡು ಬೇರೆಯವರ ಹತ್ತಿರ ಸೆಲ್ಫ್ ಹೊಡೆಸಿ ಅಂತ. ಗೇರು ನ್ಯೂಟ್ರಲ್ಲಿನಲ್ಲಿದೆ, ಹ್ಯಾಂಡ್‌ಬ್ರೇಕ್ ಎಳೆದಿದೆ ಅಂತ ನೋಡಿ ಹುಡುಗನನ್ನು ಕೂರಿಸಿದೆ. ನೈಟಿಯ ಮೇಲೆ ಹಾಕಿದ್ದ ಅಂಗಿಯ ತೋಳು ಮಡಚಿಕೊಂಡೆ, ಫ್ಯಾನಿಗೆ ಸಿಕ್ಕಿದರೆ ಕಷ್ಟ. ಹುಡುಗ ಕೀ ತಿರುಗಿಸಿದ. 12.6 ಇದ್ದದ್ದು 12.1, 12.2 ಅಂತ ಕುಣಿಯಿತು. ನಿಜವಾಗಿ ಸೆಲ್ಫ್ ಎಂಜಿನ್ನನ್ನು ತಿರುಗಿಸುವಾಗ ಒಳ್ಳೆ ಬ್ಯಾಟರಿಯೂ ಹತ್ತು ಹತ್ತೂವರೆಗೆ ಇಳಿಯಬೇಕು. ಇಳಿಯಲಿಲ್ಲ ಅಂದರೆ ಬ್ಯಾಟರಿ ಕೊಡುವುದಕ್ಕೆ ತಯಾರಿದೆ, ತೆಗೆದುಕೊಳ್ಳುವವನಿಗೆ ತಲುಪುತ್ತಿಲ್ಲ.

"ಈಗ ಮೀಟರಿನ ಒಂದು ಕಡ್ಡಿ ಬ್ಯಾಟ್ರಿ ಮೈನಸ್ಸಿಗೆ. ಇನ್ನೊಂದು ಇಂಜನ್ನಿನ ಬರೀ ಕಬ್ಬಿಣಕ್ಕೆ, ಪೇಂಟ್ ಇರಬಾರದು. ಸೆಲ್ಫ್ ಹೊಡೆಸಿ. ಅರ್ಧ ವೋಲ್ಟಿಗಿಂತ ಮೇಲೆ ಬಂದ್ರೆ ಫೋನ್ ಮಾಡಿ."

ಈ ಹೊತ್ತಿಗೆ ತುಳಸಿಕಟ್ಟೆಗೂ ಜೀಪಿಗೂ ಎಂಟನೇ ಸಲ ಓಡುತ್ತಿದ್ದೆ. ಎಂಜಿನ್ನು ಎತ್ತುವ ಕೊಕ್ಕೆಯ ಮೇಲೆ ಚಾಕುವಿನಿಂದ ಕೆರೆದು ಕಡ್ಡಿ ಒತ್ತಿ ಹಿಡಿದೆ. ಹುಡುಗ ಕೀ ತಿರುಗಿಸಿದ. 4. 7. 9. 5. ಅಂಕಿ ನಿಲ್ಲಲೇ ಇಲ್ಲ.

ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಮೈನಸ್ಸು ಅಂದರೂ ಎಂಜಿನ್ನಿನ ಮೈ ಅಂದರೂ ಒಂದೇ ಆಗಿರಬೇಕು. ಅವೆರಡರ ನಡುವೆ ಸೊನ್ನೆ ಇರಬೇಕು. ಅಲ್ಲಿ ಏಳು ಎಂಟು ವೋಲ್ಟು ಕೂತಿದೆ ಅಂದರೆ ಮೋಟರಿಗೆ ಸಿಗಬೇಕಾದ ಹನ್ನೆರಡರಲ್ಲಿ ಅರ್ಧಕ್ಕಿಂತ ಜಾಸ್ತಿ ವಾಪಸ್ ಬರುವ ದಾರಿಯಲ್ಲೇ ಕಳೆದುಹೋಗುತ್ತಿದೆ.

ತೋಟಕ್ಕೆ ಬಿಟ್ಟ ನೀರು ತೋಟದಲ್ಲೇ ಇಂಗಿದರೆ ಆಯಿತು, ಬಾವಿಗೆ ವಾಪಸ್ ಬರಬೇಕಾಗಿಲ್ಲ. ಕರೆಂಟಿಗೆ ಆ ಸವಲತ್ತಿಲ್ಲ. ಹೋದಷ್ಟೂ ಹಿಂದಕ್ಕೆ ಬರಬೇಕು. ಇಷ್ಟು ದಿನ ನಾವೆಲ್ಲ ಹೋಗುವ ದಾರಿಯನ್ನೇ ನೋಡಿದ್ದೆವು. ಬ್ಯಾಟರಿ, ಸ್ವಿಚ್ಚು, ಕೆಂಪು ವಯರು, ಮೋಟರು. ಬರುವ ದಾರಿಗೆ ವಯರೇ ಕಾಣಿಸುವುದಿಲ್ಲ, ಗಾಡಿಯ ಮೈಯೇ ದಾರಿ. ಕಾಣದ್ದನ್ನು ಯಾರು ಅನುಮಾನಿಸುತ್ತಾರೆ?

ಮೈನಸ್ಸಿನಿಂದ ಚಾಸಿಗೆ, ಅಂದರೆ ಗಾಡಿಯ ಕೆಳಗಿನ ಕಬ್ಬಿಣದ ಚೌಕಟ್ಟಿಗೆ, ಹಿಡಿದು ನೋಡಿದೆ. 0.1. ಅಲ್ಲಿಯತನಕ ಸರಿ. ಹಾಗಾದರೆ ಚಾಸಿಯಿಂದ ಎಂಜಿನ್ನಿಗೆ ಬರುವ ನಡುವೆಯೇ ಕೊರತೆ. ಎಂಜಿನ್ನು ಚಾಸಿಯ ಮೇಲೆ ನೇರ ಕೂತಿರುವುದಿಲ್ಲ, ರಬ್ಬರಿನ ದಿಂಬುಗಳ ಮೇಲೆ ಕೂತಿರುತ್ತದೆ. ರಬ್ಬರಿನಲ್ಲಿ ಕರೆಂಟು ಹರಿಯುವುದಿಲ್ಲ. ಅದಕ್ಕಾಗಿಯೇ ಎಂಜಿನ್ನಿನಿಂದಲೋ ಗೇರ್‌ಬಾಕ್ಸಿನಿಂದಲೋ ಚಾಸಿಗೆ ಒಂದು ಹೆಣೆದ ತಾಮ್ರದ ಪಟ್ಟಿ ಹಾಕಿರುತ್ತಾರೆ, ಅರ್ತ್ ಪಟ್ಟಿ ಅನ್ನುತ್ತಾರೆ. ಜಡೆಯ ಹಾಗೆ ಇರುತ್ತದೆ.

ಅಷ್ಟರಲ್ಲಿ ಜೀಪಿನೊಳಗಿಂದ ಹುಡುಗ ಕೂಗಿದ. "ಅಮ್ಮಾ, ಇಲ್ಲೇನೋ ಸುಟ್ಟ ವಾಸನೆ."

ಆ ವಾಸನೆ ನನಗೆ ಹೊಸದಲ್ಲ. ತಿಂಗಳಿಂದ ಆಗಾಗ ಬರುತ್ತಿತ್ತು. ಹಳೇ ಗಾಡಿ, ಏನೋ ಒಂದು ವಾಸನೆ ಇದ್ದೇ ಇರುತ್ತದೆ ಅಂತ ಬಿಟ್ಟಿದ್ದೆ. ಈ ಸಲ ಬಗ್ಗಿ ಮೂಗು ಹಿಡಿದು ಹುಡುಕಿದೆ. ನಿಲ್ಲಿಸುವ ಗುಂಡಿ. ಅದರ ಹಿಂದಿನ ಕೇಬಲ್ಲು ಮುಟ್ಟಿದರೆ ಕೈ ಹಿಂದಕ್ಕೆ ಬಂತು. ಅಷ್ಟು ಬಿಸಿ. ಎಂಜಿನ್ನು ಇನ್ನೂ ಶುರುವೇ ಆಗಿಲ್ಲ, ರಾತ್ರಿಯ ತಂಪು ಹಾಗೇ ಇದೆ. ಕೇಬಲ್ಲಿಗೆ ಬಿಸಿ ಎಲ್ಲಿಂದ?

ಫೋನಿನಲ್ಲಿ ಹೇಳಿದೆ. ಭಾಯಿ ನಕ್ಕರು. "ಮುಗೀತು ಅಕ್ಕಾ. ಅರ್ತ್ ಇಲ್ಲ ನಿಮ್ ಗಾಡಿಗೆ. ಸೆಲ್ಫಿನ ಕರೆಂಟೆಲ್ಲ ಆ ಕೇಬಲ್ಲಲ್ಲಿ ವಾಪಸ್ ಬರ್ತಾ ಉಂಟು."

ಹೆದ್ದಾರಿ ಮುಚ್ಚಿದಾಗ ಲಾರಿಗಳೆಲ್ಲ ಊರೊಳಗಿನ ಓಣಿಗೆ ನುಗ್ಗುತ್ತವಲ್ಲ, ಹಾಗೆ. ಎಂಜಿನ್ನಿಗೂ ಬಾಡಿಗೂ ಲೋಹದ ಸಂಬಂಧ ಇರುವ ಏನು ಸಿಕ್ಕಿದರೂ ಕರೆಂಟು ಅದರಲ್ಲಿ ತೂರುತ್ತದೆ. ಆಕ್ಸಿಲರೇಟರ್ ಕೇಬಲ್ಲು, ಕ್ಲಚ್ ಕೇಬಲ್ಲು, ನಮ್ಮದರಲ್ಲಿ ಈ ಗುಂಡಿಯ ತಂತಿ. ಬೆರಳು ದಪ್ಪದ ಪಟ್ಟಿಯಲ್ಲಿ ಹೋಗಬೇಕಾದದ್ದು ಸೈಕಲ್ ಬ್ರೇಕಿನ ತಂತಿಯಷ್ಟರಲ್ಲಿ ಹೋದರೆ ಕಾಯದೆ ಇರುತ್ತದೆಯೇ?

ಕೊಟ್ಟಿಗೆಯಲ್ಲಿ ಜಂಪರ್ ಕೇಬಲ್ ಇತ್ತು. ಕಪ್ಪು ಕೇಬಲ್ಲಿನ ಒಂದು ಚಿಮಟವನ್ನು ಬ್ಯಾಟರಿ ಮೈನಸ್ಸಿಗೆ, ಇನ್ನೊಂದನ್ನು ಎಂಜಿನ್ನಿನ ಕೊಕ್ಕೆಗೆ ಕಚ್ಚಿಸಿದೆ. ಕೀ ತಿರುಗಿಸಿದೆ. ಒಂದು ಸುತ್ತು ಕೂಡ ಪೂರ್ತಿ ಆಯಿತೋ ಇಲ್ಲವೋ, ಗುಡುಗುಡು ಅಂತ ಎದ್ದಿತು. ನಾಲ್ಕು ತಿಂಗಳಲ್ಲಿ ಅಷ್ಟು ಚುರುಕಾಗಿ ಎದ್ದೇ ಇರಲಿಲ್ಲ. ಕೊನೆಗೌಡ ಬೀಡಿ ಆರಿಸಿ ಹತ್ತಿ ಕೂತ. ಗಂಟೆ ಏಳೂಮುಕ್ಕಾಲು.

ಕೇಬಲ್ಲನ್ನು ಹಾಗೇ ಸುತ್ತಿ ಫ್ಯಾನಿಗೆ ತಾಗದ ಹಾಗೆ ಹಗ್ಗದಲ್ಲಿ ಕಟ್ಟಿದೆ. ಇಡೀ ದಿನ ಅದೇ ಅರ್ತ್. ಮೇಲಿನ ತೋಟದಲ್ಲಿ ಪಂಪು ಎಳೆದುಕೊಂಡು ನಾಲ್ಕು ಕಡೆ ನಿಲ್ಲಿಸಿದೆ, ನಾಲ್ಕು ಕಡೆಯೂ ಕೀಯಲ್ಲೇ ಶುರು. ಮಳೆ ಬಂದದ್ದು ಮೂರು ಗಂಟೆಗೆ. ಅಷ್ಟರಲ್ಲಿ ಕೊನೆಯ ಸಾಲು ಮುಗಿದಿತ್ತು.

ಸಂಜೆ ಜೀಪಿನ ಕೆಳಗೆ ಗೋಣಿ ಹಾಸಿಕೊಂಡು ಮಲಗಿ ಟಾರ್ಚು ಬಿಟ್ಟೆ. ಗೇರ್‌ಬಾಕ್ಸಿನ ಪಕ್ಕ ಪಟ್ಟಿ ಸಿಕ್ಕಿತು. ಹರಿದಿಲ್ಲ, ತುಂಡಾಗಿಲ್ಲ. ನೋಡಲು ಏನೂ ಆಗಿಲ್ಲ ಅನ್ನಿಸುತ್ತದೆ. ಮೀಟರನ್ನು ಓಮ್ಸಿಗೆ ಹಾಕಿ ಮುಟ್ಟಿಸಿದರೆ 'ಕುಯ್' ಅಂತ ಕೂಗಿತು, ಅಂದರೆ ಸಂಬಂಧ ಇದೆ. ಈ ಕುಯ್ ಅನ್ನುವುದನ್ನು ನಂಬಬಾರದು ಅಂತ ಭಾಯಿ ಆಮೇಲೆ ಲೆಕ್ಕ ಹಾಕಿ ತೋರಿಸಿದರು. 0.02 ಓಮ್ ತಡೆ ಇದೆ ಅಂದುಕೊಳ್ಳಿ. 5 ಆಂಪಿಯರಿನ ಬಲ್ಬಿಗೆ ಕಳೆಯುವುದು 0.1 ವೋಲ್ಟು, ಗೊತ್ತೇ ಆಗುವುದಿಲ್ಲ. ಅದೇ ದಾರಿಯಲ್ಲಿ 200 ಆಂಪಿಯರ್ ಹೋಗಲಿ, 4 ವೋಲ್ಟು ಹೋಯಿತು. ಮುನ್ನೂರು ರೂಪಾಯಿ ಮೀಟರಿಗೆ 0.02 ಓಮ್ ಕಾಣಿಸುವುದೂ ಇಲ್ಲ. ಭಾರ ಹೇರಿ ವೋಲ್ಟು ಅಳೆದರೆ ಮಾತ್ರ ಸಿಕ್ಕಿಬೀಳುತ್ತದೆ.

ಪಾನಾ ಹಾಕಿ ಚಾಸಿ ಕಡೆಯ ಬೋಲ್ಟು ಬಿಚ್ಚಿದೆ. ತುಕ್ಕು ಇರುತ್ತದೆ ಅಂತ ಗೊತ್ತಿತ್ತು. ಆದರೆ ಇದು ಬರೀ ತುಕ್ಕಲ್ಲ. ಸುತ್ತ ನೀಲಿ ಹಸಿರು ಬಣ್ಣದ ಹಿಟ್ಟು. ಅದನ್ನು ಕೆರೆದರೆ ಬೋಲ್ಟಿನ ತಲೆಯ ಮೇಲೆ, ಚಾಸಿಯ ಕಬ್ಬಿಣದ ಮೇಲೆ ಕೆಂಪಗೆ ತೆಳುವಾದ ಒಂದು ಪದರ.

ಆ ಕೆಂಪನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಅಡಿಕೆ ಮನೆಯ ಮಕ್ಕಳೆಲ್ಲ ನೋಡಿರುತ್ತಾರೆ. ಕೊಳೆರೋಗದ ಔಷಧಿ ಅಂದರೆ ಒಂದು ಕಿಲೋ ತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಕೂಡಿಸಿದ ಮೇಲೆ ಹದ ನೋಡಲು ಕಬ್ಬಿಣದ ಕತ್ತಿಯನ್ನು ಅದ್ದಿ ಎತ್ತುತ್ತಾರೆ. ಕತ್ತಿಯ ಅಲಗು ಕೆಂಪಾದರೆ ತುತ್ತ ಜಾಸ್ತಿ ಇದೆ, ಇನ್ನೂ ಸುಣ್ಣ ಹಾಕಬೇಕು. ಕೆಂಪಾಗುವುದು ಅಂದರೆ ನೀರಿನಲ್ಲಿದ್ದ ತಾಮ್ರ ಬಂದು ಕಬ್ಬಿಣಕ್ಕೆ ಕೂರುವುದು, ಅಷ್ಟೇ ಕಬ್ಬಿಣ ಕರಗಿ ನೀರಿಗೆ ಹೋಗುವುದು. ಅದಕ್ಕೇ ಅಲ್ಲವೇ ತುತ್ತ ಕರಗಿಸಲು ಯಾರೂ ಕಬ್ಬಿಣದ ಡ್ರಮ್ಮು ಇಡದಿರುವುದು. ನಮ್ಮ ಚಾಸಿ ಎಷ್ಟು ತಿಂಗಳಿಂದ ಕತ್ತಿ ಪರೀಕ್ಷೆ ಕೊಡುತ್ತಿತ್ತೋ.

ಜಗಲಿಗೆ ಬಂದು ಬೋಲ್ಟನ್ನು ಅಪ್ಪಯ್ಯನ ಕೈಯಲ್ಲಿ ಇಟ್ಟೆ. ತಿರುಗಿಸಿ ತಿರುಗಿಸಿ ನೋಡಿದ. ಹೋದ ವರ್ಷ ಎರಡನೇ ಔಷಧಿಯ ದಿನ ಕ್ಯಾನು ಮಗುಚಿದ್ದನ್ನು ಅವನೇ ನೆನಪು ಮಾಡಿದ. ಹೌದು. ಮೇಲಿನ ತೋಟದ ಹಳ್ಳ ಇಳಿಯುವಾಗ ಕ್ಯಾನು ಬಿದ್ದು ಅರ್ಧ ಚೆಲ್ಲಿತ್ತು. ಗೇರ್ ಲಿವರಿನ ಬುಡದ ರಬ್ಬರು ಹರಿದು ಎಷ್ಟೋ ಕಾಲ ಆಗಿದೆ. ನೀಲಿ ನೀರೆಲ್ಲ ಅದರಲ್ಲಿ ಇಳಿದುಹೋಯಿತು, ಒರೆಸುವ ಕೆಲಸ ತಪ್ಪಿತು ಅಂತ ನಾನೇ ಖುಷಿಪಟ್ಟಿದ್ದೆ. ಇಳಿದದ್ದು ನೇರ ಗೇರ್‌ಬಾಕ್ಸಿನ ಮೇಲೆ, ಅಲ್ಲಿಂದ ಪಟ್ಟಿಯ ಮೇಲೆ. ಆಮೇಲೆ ಒಂದು ಮಳೆಗಾಲ ಪೂರ್ತಿ ಅದಕ್ಕೆ ಒದ್ದೆ ಸಿಕ್ಕಿತು.

ಅವತ್ತು ಬೆಳಿಗ್ಗೆ ನಾನು ಮೀಟರು ಹಿಡಿದು ಕುಣಿಯುವಾಗಲೂ ತುತ್ತದ ಕ್ಯಾನು ಅದೇ ಜಾಗದಲ್ಲಿ, ಗೇರಿನ ಪಕ್ಕ, ಏನೂ ಗೊತ್ತಿಲ್ಲದವರ ಹಾಗೆ ಕೂತಿತ್ತು.

ಇಲ್ಲೊಂದು ತಮಾಷೆ ಇದೆ. ಮೈಸೂರು ಸಂಸ್ಥಾನದಲ್ಲಿ ಕೋಲ್ಮನ್ ಅಂತ ಒಬ್ಬ ಸಾಹೇಬರಿದ್ದರು, ಲೆಸ್ಲಿ ಕೋಲ್ಮನ್. ಮಲೆನಾಡಿನ ಕೊಳೆರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ವರದಿ ಬರೆದವರು. ಮರಕ್ಕೆ ತುತ್ತ ಸುಣ್ಣ ಹೊಡೆಯುವ ಪದ್ಧತಿ ಇಲ್ಲಿ ಬೇರೂರಿದ್ದರ ಹಿಂದೆ ಅವರ ಕೆಲಸ ಇದೆ. ಅದಕ್ಕೆ ಮುಂಚೆ ಅಡಿಕೆ ಗೊನೆಗೆ ಮಳೆ ತಾಗದ ಹಾಗೆ ಕೊಟ್ಟೆ (ಹೊದಿಕೆ) ಕಟ್ಟುವುದೇ ದೊಡ್ಡ ಉಪಾಯ. ಅತ್ತ ಅಮೆರಿಕದಲ್ಲಿ ಚಾರ್ಲ್ಸ್ ಕೆಟರಿಂಗ್ ಅನ್ನುವವರು ಮಾಡಿದ ಸೆಲ್ಫ್ ಸ್ಟಾರ್ಟರು 1912ರ ಕ್ಯಾಡಿಲಾಕ್ ಕಾರಿಗೆ ಬಂತು. ಅಲ್ಲಿಯತನಕ ಕಾರಿನ ಮೂತಿಗೆ ಹ್ಯಾಂಡಲ್ ಹಾಕಿ ತಿರುಗಿಸಬೇಕಿತ್ತು. ಇಲ್ಲಿ ಹ್ಯಾಂಡಲ್ಲು ಬಹಳ ಕಾಲ ಉಳಿಯಿತು. ಅಪ್ಪಯ್ಯ ತನ್ನ ಮೊದಲ ಜೀಪಿಗೆ ಹ್ಯಾಂಡಲ್ ಹಾಕಿದವನು. ಹೆಬ್ಬೆರಳನ್ನು ಸುತ್ತಿ ಹಿಡಿಯಬಾರದು, ಉಳಿದ ಬೆರಳುಗಳ ಪಕ್ಕಕ್ಕೇ ಇಡಬೇಕು, ಎಂಜಿನ್ನು ಹಿಂದಕ್ಕೆ ಒದ್ದರೆ ಹೆಬ್ಬೆರಳು ಹೋಗುತ್ತದೆ ಅಂತ ಈಗಲೂ ಕೈ ಮಾಡಿ ತೋರಿಸುತ್ತಾನೆ. ಎರಡೇ ವರ್ಷ ಆಚೀಚೆ ಹೊರಟ ಕೋಲ್ಮನ್ನರ ತುತ್ತವೂ ಕೆಟರಿಂಗರ ಸೆಲ್ಫೂ ನೂರು ಚಿಲ್ಲರೆ ವರ್ಷ ಆದ ಮೇಲೆ ನನ್ನ ಜೀಪಿನ ಗೇರ್‌ಬಾಕ್ಸಿನ ಹತ್ತಿರ ಭೇಟಿಯಾಗಿ ಜಗಳ ಮಾಡಿಕೊಂಡಿವೆ.

ಎರಡನೇ ದಿನದ ಔಷಧಿಯೂ ಜಂಪರ್ ಕೇಬಲ್ಲಿನಲ್ಲೇ ಮುಗಿಯಿತು. ಆಮೇಲೆ ಭಾಯಿಯ ಹತ್ತಿರ ಹೋದೆ. ಅವರು ವೆಲ್ಡಿಂಗ್ ಮಾಡುವವರು ಬಳಸುವ ದಪ್ಪ ಕೇಬಲ್ಲಿಗೆ ಎರಡು ಕಡೆ ತಾಮ್ರದ ಲಗ್ಗು ಒತ್ತಿ ಹೊಸ ಅರ್ತ್ ಮಾಡಿದರು. ಒಂದಲ್ಲ, ಎರಡು. ಒಂದು ಹಳೇ ಜಾಗದಲ್ಲಿ. ಇನ್ನೊಂದು ಬ್ಯಾಟರಿ ಮೈನಸ್ಸಿನಿಂದ ನೇರ ಎಂಜಿನ್ನಿಗೆ. ಚಾಸಿಯ ಮೇಲೆ ಕಬ್ಬಿಣ ಬೆಳ್ಳಗೆ ಹೊಳೆಯುವ ತನಕ ಪಾಲಿಶ್ ಪೇಪರಿನಲ್ಲಿ ಉಜ್ಜಿದರು, ಹಲ್ಲಿನ ವಾಶರ್ ಹಾಕಿ ಬಿಗಿದರು, ಬಿಗಿದ ಮೇಲೆ ಗ್ರೀಸು ಬಳಿದರು. ಗ್ರೀಸು ಮೊದಲೇ ಬಳಿಯಬಾರದಂತೆ. ಲೋಹ ಲೋಹಕ್ಕೆ ಕೂರಬೇಕು, ಗ್ರೀಸು ಹೊರಗಿನ ನೀರಿಗೆ. ನಾನು ಮೀಟರು ಒಯ್ದಿದ್ದೆ. ಸೆಲ್ಫ್ ತಿರುಗುವಾಗ ಮೈನಸ್ಸಿಗೂ ಎಂಜಿನ್ನಿಗೂ ನಡುವೆ 0.2. ಎಲ್ಲ ಸೇರಿ 550 ರೂಪಾಯಿ.

ಮೊದಲು ಮಾಡಿಸಿದ್ದೆಲ್ಲ ಹತ್ತು ಹದಿನೈದು ದಿನ ಯಾಕೆ ನಡೆಯಿತು ಅಂತ ಕೇಳಿದೆ. ಅವರು ಪಟ್ಟಿಯ ಮೇಲಿನ ತುದಿ ತೋರಿಸಿದರು. ಅದು ಸೆಲ್ಫ್ ಮೋಟರು ಹಿಡಿದಿರುವ ಬೋಲ್ಟಿಗೇ ಸೇರಿತ್ತು. ಮೋಟರು ಬಿಚ್ಚಿ ಹಾಕುವಾಗ ಪಟ್ಟಿ ಎಳೆದಾಡಿ, ಕೆಳಗಿನ ತುದಿಯ ಪದರ ಸ್ವಲ್ಪ ಒಡೆದು, ಒಂದೆರಡು ವಾರಕ್ಕೆ ಸಾಕಾಗುವಷ್ಟು ತಾಗಿತ್ತು. ಹೊಸ ಬ್ಯಾಟರಿಗೆ ಹೊಸದರ ಹುರುಪು. ಕೀ ಸ್ವಿಚ್ಚಿನ ದಿನವಂತೂ ಪೇಟೆಯ ಗುಂಡಿ ರಸ್ತೆಯಲ್ಲಿ ಕುಲುಕಿಸಿಕೊಂಡು ಹೋಗಿದ್ದೇ ಚಿಕಿತ್ಸೆ. ಮೆಕ್ಯಾನಿಕ್ಕುಗಳನ್ನು ಬೈದು ಪ್ರಯೋಜನ ಇಲ್ಲ. ಬ್ಯಾಟರಿ ಬೇಕು ಅಂತ ಕೇಳಿಕೊಂಡು ಹೋದವಳು ನಾನು, ಅವರು ಬ್ಯಾಟರಿ ಕೊಟ್ಟರು. ಆ ಹಳೇ ಬ್ಯಾಟರಿ ಈಗ ಯಾರ ಟ್ರ್ಯಾಕ್ಟರಿನಲ್ಲಿ ಸುಖವಾಗಿ ದುಡಿಯುತ್ತಿದೆಯೋ.

ಹೊರಡುವಾಗ ಭಾಯಿ ನಿಲ್ಲಿಸುವ ಗುಂಡಿಯನ್ನೊಮ್ಮೆ ಎಳೆದು ನೋಡಿ ಮುಖ ಸಿಂಡರಿಸಿದರು. ಒಳಗಿನ ಪ್ಲಾಸ್ಟಿಕ್ಕು ಕರಗಿ ತಂತಿಗೆ ಅಂಟಿದೆ, ಈ ಕೇಬಲ್ಲು ಬದಲಾಯಿಸಿ ಅಕ್ಕಾ ಅಂದರು. ಹಳೇ ಗಾಡಿ, ಅಂಗಡಿಯಲ್ಲಿ ಇರಲಿಲ್ಲ, ಶಿವಮೊಗ್ಗದಿಂದ ತರಿಸಬೇಕು. ಹ್ಞೂಂ ಅಂದು ಬಂದೆ.

ಜುಲೈ ನಡುವಿನಲ್ಲಿ ಎರಡನೇ ಔಷಧಿಯೂ ಆಯಿತು. ಕ್ಯಾನು ಈಗ ಹಿಂದೆ, ಮರದ ಪೆಟ್ಟಿಗೆಯೊಳಗೆ, ಹಗ್ಗ ಕಟ್ಟಿಸಿಕೊಂಡು ಕೂರುತ್ತದೆ. ಜೀಪು ಗೋಡೆಗೆ ಮೂತಿ ಮಾಡಿ ನಿಲ್ಲಿಸಿದರೂ ಕೀ ಮುಟ್ಟಿದರೆ ಏಳುತ್ತದೆ. ಕೇಬಲ್ಲು ಇನ್ನೂ ತರಿಸಿಲ್ಲ. ಗುಂಡಿ ಎಳೆದರೆ ಅರ್ಧ ಬಂದು ನಿಲ್ಲುತ್ತದೆ, ಎಂಜಿನ್ನು ಓಡುತ್ತಲೇ ಇರುತ್ತದೆ. ಬ್ರೇಕ್ ಒತ್ತಿ, ನಾಲ್ಕನೇ ಗೇರಿಗೆ ಹಾಕಿ ಕ್ಲಚ್ ಬಿಟ್ಟು ಉಸಿರು ಕಟ್ಟಿಸಬೇಕು. ಮೊನ್ನೆ ಸಂತೆಯಲ್ಲಿ ಹಾಗೆ ನಿಲ್ಲಿಸುವಾಗ ಜೀಪು ಒಮ್ಮೆ ಜಿಗಿದು, ಪಕ್ಕದಲ್ಲಿ ಬಾಳೆಹಣ್ಣು ಮಾರುವವಳು ಕೇಳಿದಳು, "ಏನಮ್ಮಾ, ನಿಮ್ ಜೀಪು ಮೊದ್ಲು ಶುರು ಆಗ್ತಿರ್ಲಿಲ್ಲ ಅಲ್ವಾ?"